ಒಂದಕ್ಷರವೂ ಬಿಟ್ಟಿಲ್ಲ

ರಂಜಿತಳಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಕಿವಿ ಚುರುಕಾಗಿತ್ತು. ಶಾಮಲಮ್ಮ ಟೀಚರ್ ಮೋಸ ಮಾಡುತ್ತಿದ್ದಾರೆ ಎಂದು ಆ ಕಿವಿ ಹೇಳುತ್ತಿತ್ತು.

"ಕೊನೇ ವಾಕ್ಯ ಇನ್ನೊಂದ್ಸಲ ಓದಿ ಟೀಚರ್."

"‘ಅತ್ತೆ ಬಾಗಿಲಲ್ಲಿ ನಿಂತು ದಾರಿ ನೋಡಿದಳು.’"

"ಮೊದಲು ‘ಹೊಸಿಲ ಮೇಲೆ ನಿಂತು ದಾರಿಯನ್ನೇ ದಿಟ್ಟಿಸಿದಳು’ ಅಂದ್ರಿ."

ಹಾಳೆ ಸರಿದ ಸದ್ದು. "ಹೌದು ಕಣಮ್ಮ, ದಿಟ್ಟಿಸಿದಳು. ಈ ಕನ್ನಡಕ ಬದಲಾಯಿಸ್ಬೇಕು."

ರಂಜಿತ ಬ್ರೈಲ್ ಹಾಳೆಯ ಮೇಲೆ ‘ದಿಟ್ಟಿಸು’ ಎಂದು ಚುಚ್ಚಿಕೊಂಡಳು. ನಂಬಿಕೆ ಬರಲಿಲ್ಲ.

ಅವಳ ಸಂಶೋಧನೆ ಒಂದು ಹಳೆಯ ಹಾಸ್ಯ ಕಾದಂಬರಿಯ ನೋಟದ ಭಾಷೆಯ ಬಗ್ಗೆ. ಹೆಣ್ಣು ನೋಡಲು ಹೊರಟ ದಂಡೊಂದು ತಪ್ಪು ಮನೆಗೆ ನುಗ್ಗಿ ಅಲ್ಲೇ ಬೀಡುಬಿಡುವ ಕಥೆ. ಅದರಲ್ಲಿ ಯಾರೂ ಸುಮ್ಮನೆ ನೋಡುವುದಿಲ್ಲ. ಇಣುಕುತ್ತಾರೆ, ಕೆಕ್ಕರಿಸುತ್ತಾರೆ, ಕಣ್ಣು ಹೊಡೆಯುತ್ತಾರೆ. ಯಾರು ಯಾರನ್ನು ಹೇಗೆ ನೋಡಿದರು, ಎಷ್ಟು ಸಲ ನೋಡಿದರು ಎಂದು ಅವಳು ಎಣಿಸುತ್ತಿದ್ದಳು.

"ನಿಂಗ್ಯಾಕೇ ಈ ಸಬ್ಜೆಕ್ಟು?" ಎಂದು ಕೋಲಾರದ ಹಾಸ್ಟೆಲ್ ಹುಡುಗಿಯರು ನಕ್ಕಿದ್ದರು.

"ಕಾಣೋರು ಎಣಿಸಲ್ಲ ಕಣ್ರೇ."

ಎಣಿಕೆ ತಪ್ಪಿದರೆ ಫೇಲಾಗುವ ಭಯ ಅವಳಿಗಿರಲಿಲ್ಲ. ತಪ್ಪಿದರೂ ‘ಕುರುಡಿ, ಪಾಪ’ ಎಂದು ಪಾಸು ಮಾಡಿಬಿಡುತ್ತಾರೆ ಎಂಬ ಭಯವಿತ್ತು.

ಕಾದಂಬರಿ ಮರುಮುದ್ರಣವಾಗಿರಲಿಲ್ಲ. ಒಂದು ಪ್ರತಿ ಮುಳಬಾಗಿಲಿನಲ್ಲಿ, ನಿವೃತ್ತ ಕನ್ನಡ ಟೀಚರ್ ಶಾಮಲಮ್ಮನವರ ಬಳಿ ಇತ್ತು. ಮುಟ್ಟಿದರೆ ಹಾಳೆ ಉದುರುತ್ತದೆ ಎಂದು ಅವರು ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಒಂದು ಪುಟದ ಫೋಟೊ ತೆಗೆದು ಫೋನಿನಿಂದ ಓದಿಸಲು ನೋಡಿದಳು. ಮಾಸಿದ ಅಚ್ಚು ಅದಕ್ಕೆ ತಿಳಿಯಲಿಲ್ಲ. ರೆಕಾರ್ಡ್ ಮಾಡಿಕೊಳ್ಳಲೂ ಟೀಚರ್ ಬಿಡಲಿಲ್ಲ.

"ನನ್ನ ದನಿ ಡಬ್ಬದಲ್ಲಿ ಬೇಡಮ್ಮ. ನೀನೇ ಬಾ."

ಹಾಗಾಗಿ ಭಾನುವಾರಕ್ಕೊಂದು ಅಧ್ಯಾಯ. ಟೀಚರ್ ಮದುವೆಯಾಗಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿ ಫೋನ್ ರಿಂಗಾದದ್ದನ್ನು ರಂಜಿತ ಒಂದು ಸಲವೂ ಕೇಳಿರಲಿಲ್ಲ. ಬಸ್ಸಿಳಿದರೆ ಅವರು ಸ್ಟಾಪಿನಲ್ಲೇ ನಿಂತಿರುತ್ತಿದ್ದರು, ಅವಳ ಊರಿನ ಹೆಸರು ಹಿಡಿದೇ ಕರೆಯುತ್ತಿದ್ದರು.

"ಏಮ್ಮಾ ರಾಯಲ್ಪಾಡು, ಇವತ್ತು ಹತ್ತು ನಿಮಿಷ ಲೇಟು!"

ಮೊದಮೊದಲು ಓದು ಸರಾಗವಾಗಿತ್ತು. ಕೆಟ್ಟದ್ದು ಹದಿನೈದನೆಯ ಅಧ್ಯಾಯದಿಂದ. ಟೀಚರ್ ಚಿಕ್ಕ ಪದಕ್ಕೂ ತಡೆದು ನಿಲ್ಲುತ್ತಿದ್ದರು. ಅರ್ಧ ಗಂಟೆಯಾದರೂ ಹಾಳೆ ಮಗುಚುತ್ತಿರಲಿಲ್ಲ. ಮಗುಚಿದರೆ ಒಟ್ಟಿಗೆ ಎರಡೋ ಮೂರೋ. ಪೋಲಿ ಮಾತುಗಳೂ ಮಾಯವಾಗಿದ್ದವು. ರಂಜಿತ ತೀರ್ಮಾನಿಸಿದಳು: ಮುದುಕಿಗೆ ನಾಚಿಕೆ, ಹಾರಿಸಿ ಹಾರಿಸಿ ಓದುತ್ತಿದ್ದಾಳೆ.

ಮಾರ್ಗದರ್ಶಕ ಶಿವಕುಮಾರ್ ಸರ್‌ಗೆ ಮಾತ್ರ ಆ ಭಾಗವೇ ಹಿಡಿಸಿತ್ತು. ಕಾದಂಬರಿಯನ್ನು ಅವರು ಓದಿದ್ದು ಇಪ್ಪತ್ತು ವರ್ಷದ ಹಿಂದೆ, ಪರೀಕ್ಷೆಯ ಗೈಡಿನಲ್ಲಿ.

"ಎಕ್ಸಲೆಂಟ್ ಕಣಮ್ಮ! ಹದಿನಾಲ್ಕರ ತನಕ ಜನ ಒಬ್ಬರನ್ನೊಬ್ಬರು ನೋಡಿ ಆಡಿಕೊಳ್ತಾರೆ. ಆಮೇಲೆ ಬರೀ ದಾರಿ ನೋಡ್ತಾರೆ. ದಂಡು ಹೊರಟುಹೋದ ಮನೇಲಿ ಆ ಅತ್ತೆ ಒಬ್ಬಳೇ ಎರಡು ಲೋಟ ತೊಳೆದಿಡೋದು, ಅಬ್ಬಾ! ಇದನ್ನ ಇದುವರೆಗೂ ಯಾರೂ ಗುರುತಿಸಿಲ್ಲ ನೋಡು."

ಯಾರೂ ಗುರುತಿಸದ ಕಡೆಯೇ ಎಣಿಕೆ ತಪ್ಪಿದ್ದರೆ? ಇಪ್ಪತ್ಮೂರನೆಯ ಅಧ್ಯಾಯ ಮುಗಿದ ದಿನ ರಂಜಿತ ಕೇಳಿಯೇಬಿಟ್ಟಳು.

"ಎಷ್ಟು ಬಿಟ್ಟಿದ್ದೀರಿ ಟೀಚರ್?"

"ಏನನ್ನ?"

"ನಾಚಿಕೆಯಾಗಿ ಹಾರಿಸಿದ್ದನ್ನ. ನಿಜ ಹೇಳಿ."

"ಅಯ್ಯೋ, ಒಂದಕ್ಷರನೂ ಬಿಟ್ಟಿಲ್ಲ ಕಣೇ. ಬೇಕಾದ್ರೆ ಆಣೆ ಇಡ್ತೀನಿ."

"ಮತ್ತೆ ಎರಡನೇ ಸಲ ಓದಿಸಿದ್ರೆ ಬೇರೆ ಯಾಕೆ ಬರುತ್ತೆ?"

ಟೀಚರ್ ಕಾಫಿ ಲೋಟ ಎತ್ತಿ ಬದಿಗಿಟ್ಟರು. ರಂಜಿತ ಬಿಡಲಿಲ್ಲ.

"ಇನ್ನೆಷ್ಟು ಅಧ್ಯಾಯ ಇದೆ?"

"ಇದೆ, ಇನ್ನೂ ಇದೆ. ಬರೋ ಭಾನುವಾರ ಬಾ, ಓದ್ತೀನಿ."

"ಕಾಣಲ್ಲ ಅಂತ ಆಟ ಆಡ್ತಿದ್ದೀರಾ?"

ರಂಜಿತ ಮಡಚಿಟ್ಟ ಕೋಲು ಬಿಚ್ಚಿಕೊಂಡು ಎದ್ದಳು. ಬಸ್ ಸ್ಟಾಪಿನವರೆಗೂ ಹಿಂದೆ ಚಪ್ಪಲಿ ಸದ್ದು ಬಂತು. ಅವಳು ತಿರುಗಲಿಲ್ಲ.

ನಾಲ್ಕು ಭಾನುವಾರ ಹೋಗಲಿಲ್ಲ. ನಾಲ್ಕೂ ಬೆಳಗ್ಗೆ ಟೀಚರ್ ಫೋನ್ ಮಾಡಿದರು. ಕಟ್ ಮಾಡಿದಳು. ಬಿಟ್ಟುಹೋದ ಪದಗಳನ್ನು ಹುಡುಕಿಕೊಡಿ ಎಂದು ಸರ್ ಬೆನ್ನು ಹತ್ತಿದಳು. ಅವಳ ಕಾಟ ತಡೆಯಲಾರದೆ ಶಿವಕುಮಾರ್ ಬೆಂಗಳೂರಿನ ಹಳೇ ಲೈಬ್ರರಿಯೊಂದರಿಂದ ಇನ್ನೊಂದು ಪ್ರತಿ ತರಿಸಿದರು. ಅವಳು ಟೈಪ್ ಮಾಡಿ ಕೊಟ್ಟ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಎರಡು ದಿನ ಕೂತರು. ಮೂರನೆಯ ದಿನ ಕರೆಸಿದರು.

"ಟೀಚರ್ ಏನೂ ಬಿಟ್ಟಿಲ್ಲ ರಂಜಿತಾ. ಹದಿನಾಲ್ಕು ಅಧ್ಯಾಯ, ಪದ ಪದವೂ ಸರಿಯಾಗಿದೆ."

"ಹದಿನೈದು, ಸರ್?"

ಅವರು ಪುಸ್ತಕ ಮುಚ್ಚಿದ್ದು ಕೇಳಿಸಿತು.

"ಹದಿನೈದು ಅನ್ನೋದೇ ಇಲ್ಲಮ್ಮ. ಹದಿನಾಲ್ಕಕ್ಕೆ ದಂಡು ಹೊರಡುತ್ತೆ, ಕಥೆ ಮುಗಿಯುತ್ತೆ. ನೀನು ಬರೆದಿರೋ ಆ ಅತ್ತೆ ಈ ಪುಸ್ತಕದಲ್ಲಿ ಎಲ್ಲೂ ಇಲ್ಲ."

ಪ್ರಬಂಧದಿಂದ ಹೋದದ್ದು ನೋಟದ ನೂರ ಮೂವತ್ತೊಂದು ಪದ. ಟೀಚರ್ ಬಾಯಲ್ಲೇ ಹುಟ್ಟಿ, ಯಾರೂ ಬರೆದಿಡದೆ ಹೋದದ್ದು ಒಂಬತ್ತು ಅಧ್ಯಾಯ.