ಮೀಸೆಯಿಲ್ಲದ ಕೌಬಾಯ್

ಪಾಪ್‌ಕಾರ್ನ್‌ನ ಬೆಣ್ಣೆ ವಾಸನೆ ಹರಡಿದರೆ ಇಂದಿಗೂ ನನ್ನ ಕಣ್ಣು ಬಾಗಿಲಿನತ್ತ ಹೋಗುತ್ತದೆ.

ಅಜ್ಜಿಗೆ ಹುಷಾರಿಲ್ಲವೆಂದು ಧಾರವಾಡಕ್ಕೆ ಹೋಗಿದ್ದ ಅಪ್ಪ ಅಂದು ಹೂಸ್ಟನ್ನಿಗೆ ಮರಳುವವರಿದ್ದರು. ಅಮ್ಮ ಅವರನ್ನು ಕರೆತರಲು ಹೋಗಿದ್ದಳು. ನಾನು ಪಕ್ಕದ ಮನೆಯ ಆಂಟಿಯ ಜೊತೆ ನಮ್ಮ ಒರಟು ಸೋಫಾದ ಮೇಲೆ ಕುಳಿತು ಸಿನಿಮಾ ನೋಡುತ್ತಿದ್ದೆ. ಅದರಲ್ಲೊಬ್ಬ ಕೌಬಾಯ್ ಕುದುರೆಯೇರಿ ಕಣಿವೆ ದಾಟಿ ಹಳೆಯ ಕಾಲಕ್ಕೆ ಹೋಗುತ್ತಿದ್ದ. ತಿರುಗಿ ಬಂದಾಗ ಅವನಿಗೆ ಮೀಸೆಯೇ ಇರಲಿಲ್ಲ. ಓಡಿಬಂದ ಮಗಳನ್ನು ನೋಡಿ, ನೀನು ಯಾರು ಎಂದು ಕೇಳಿದ.

“ನಿಮ್ಮಪ್ಪನೂ ಹಿಂಗೇ ಕಣೇ,” ಎಂದರು ಆಂಟಿ. “ಅಲ್ಲಿ ಭಾನುವಾರ ಬೆಳಗ್ಗೆ ಹೊರಟು, ಇಲ್ಲಿ ಅದೇ ಭಾನುವಾರ ಮಧ್ಯಾಹ್ನ ಇಳೀತಾರೆ. ಟೈಮ್ ಹಿಂದಕ್ಕೆ ಹೋಗುತ್ತೆ!”

ನಾನು ಪಾಪ್‌ಕಾರ್ನ್ ಬಟ್ಟಲು ಕೆಳಗಿಟ್ಟು ಬಾಗಿಲಿನತ್ತ ನೋಡಿದೆ.

ನನಗೆ ಇಟ್ಟಿದ್ದು ಅಜ್ಜಿಯ ಹೆಸರು. ಅತ್ತೆಯ ಹೆಸರು ಹಿಡಿಯಬಾರದೆಂದು ಅಮ್ಮ ನನ್ನನ್ನು ಪುಟ್ಟಿ ಎನ್ನುತ್ತಿದ್ದಳು. ಮನೆಯಲ್ಲಿ ಹೆಸರು ಹಿಡಿದು ಕರೆಯುತ್ತಿದ್ದವರು ಅಪ್ಪ ಮಾತ್ರ.

ಬಾಗಿಲು ತೆರೆಯಿತು. ಸೂಟ್‌ಕೇಸ್ ಹಿಡಿದು ನಿಂತವರಿಗೆ ತಲೆಗೂದಲೂ ಇರಲಿಲ್ಲ, ಮೀಸೆಯೂ ಇರಲಿಲ್ಲ. ನಾನು ಆಂಟಿಯ ದುಪಟ್ಟಾ ಹಿಡಿದುಕೊಂಡೆ.

“ಯಾಕ ಹೆದರ್ತೀ? ನಾನಽ ನಿಮ್ಮಪ್ಪ. ಬಾ ಇಲ್ಲೆ.”

ಧ್ವನಿ ಅಪ್ಪನದೇ. ಆದರೂ ನಾನು ಹತ್ತಿರ ಹೋಗಲಿಲ್ಲ.

“ವಾಟ್ಸ್ ಮೈ ನೇಮ್?” ಎಂದೆ.

ಅವರು ಬಾಯಿ ತೆರೆದರು. ಹೆಸರು ಬರಲಿಲ್ಲ. ಇವರಿಗೆ ನಾನು ಯಾರೆಂದೇ ಗೊತ್ತಿಲ್ಲ ಎಂದುಕೊಂಡು ಕಿರುಚಿದೆ.

ಆಗ ಅವರ ಹಿಂದೆ ನಿಂತಿದ್ದ ಅಮ್ಮ, ಮೊದಲ ಸಲ, ನನ್ನನ್ನು ಹೆಸರು ಹಿಡಿದು ಕರೆದಳು.