ಮೀನೆಣ್ಣೆಯ ಲೆಕ್ಕ

ಎಲ್ಲೋ ಲೆಕ್ಕ ತಪ್ಪಿದೆ. ಕಂಪೌಂಡರ್ ಜಮಾಲಸಾಬನಿಗೆ ಮೊದಲು ಹೊಳೆದದ್ದು ಅದೇ. ಯಲವಿಗಿಯ ಸಿದ್ದವ್ವನ ಮಗಳು ಮಾದೇವಿ ಸವಣೂರಿನ ದವಾಖಾನೆಯ ಗೋಡೆಯನ್ನು ತಡಕಾಡುತ್ತ ಒಳಗೆ ಬಂದಳು. ಬೇಸಿಗೆಯಲ್ಲಿ ಆ ಕೂಸಿಗೆ ಸಂಜೆಯಾದ ಮೇಲೆ ಮಾತ್ರ ಕಾಣುತ್ತಿರಲಿಲ್ಲ. ಈಗ ಹಾಡುಹಗಲೇ ಕಾಣದು. ಎರಡೂ ಕಣ್ಣಿಗೆ ಬಿಳಿಪೊರೆ ಕಟ್ಟಿತ್ತು.

ಹೊಸದಾಗಿ ಕಲಿತು ಬಂದ ಡಾಕ್ಟರರಿಗೆ ಮಿಲಿಗ್ರಾಮಿನ ಮೋಹ. ಆಗ ಈ ಕೂಸಿಗೆ ಎ ಜೀವಸತ್ವವನ್ನು ಮಿಲಿಗ್ರಾಮಿನಲ್ಲೇ ಬರೆದಿದ್ದರು. ಮೀನೆಣ್ಣೆಯ ಬಾಟಲಿಯ ಮೇಲಿದ್ದದ್ದು ಯುನಿಟ್. ಒಂದು ಮಿಲಿಗ್ರಾಮಿಗೆ ಮೂರು ಸಾವಿರದ ಮುನ್ನೂರು ಚಿಲ್ಲರೆ ಯುನಿಟ್ ಎಂದು ಹಿಡಿದು, ಅದನ್ನು ಚಮಚಕ್ಕೆ ಇಳಿಸಿ, ದಿನಾ ಎರಡು ಚಮಚ ಕುಡಿಸಿ ಎಂದವನು ಜಮಾಲಸಾಬ. ಕಾದರೆ ಸತ್ವ ಹೋಗುತ್ತದೆಂದು, ಬಿಸಿಲಿಗೆ ಇಡಬೇಡಿ ಎಂದೂ ಎಚ್ಚರಿಸಿದ್ದ. ಒಂದು ಸೊನ್ನೆ ಅತ್ತಿತ್ತ ಆಗಿದ್ದರೆ ಈ ಕೂಸಿನ ಕಣ್ಣು ತೆಗೆದವನು ತಾನೇ.

ಡಾಕ್ಟರರು ಲೆಕ್ಕವನ್ನು ಮತ್ತೆ ಹಾಕಿ ನೋಡಿದರು. ಅವನನ್ನು ಪಕ್ಕಕ್ಕೆ ಕರೆದರು.

"ಲೆಕ್ಕ ಸರಿ ಐತಿ. ಔಷಧನ ಕೂಸಿನ ಹೊಟ್ಟಿಗೆ ಹೋಗಿಲ್ಲ. ಇನ್ನ ಏನ ಕೊಟ್ರೂ ಈ ಕಣ್ಣು ಬರಂಗಿಲ್ಲ, ಜಮಾಲಸಾಬ."

ಅವನಿಗೆ ಅಳು ಬಂತು, ಹಿಂದೆಯೇ ಸಿಟ್ಟು. ಬಾಗಿಲ ಬಳಿ ಸಿದ್ದವ್ವನ ಪಕ್ಕದಲ್ಲಿ ಅವಳ ಅತ್ತೆ ವೀರವ್ವ ವಿಭೂತಿ ಹಚ್ಚಿಕೊಂಡು ಕೂತಿದ್ದಳು. ಔಷಧ ಕೊಟ್ಟ ದಿನ ಮೂಗಿಗೆ ಸೆರಗು ಹಿಡಿದು, ಮೀನಿನದು ನಮ್ಮ ಹೊಸ್ತಿಲು ದಾಟುವುದಿಲ್ಲ ಎಂದು ಕೂಗಾಡಿದವಳು ಇವಳೇ.

"ಅವ್ವಾರ, ಖರೇ ಹೇಳ್ರಿ. ಎಣ್ಣಿ ಎಲ್ಲಿ ಚೆಲ್ಲಿದ್ರಿ?"

ವೀರವ್ವ ಎದೆಯ ಮೇಲಿನ ಲಿಂಗವನ್ನು ಮುಟ್ಟಿದಳು. "ಇದರ ಆಣಿ, ಒಂದು ಹನಿ ಚೆಲ್ಲಿಲ್ಲರಿ. ಕೂಸಿನ ಕಣ್ಣಿನ ಮುಂದ ಯಾವ ಮಡಿರಿ?"

"ಬಿಸಿಲಿಗೆ ಇಟ್ಟಿದ್ರೇನು?"

"ಕತ್ತಲಿ ಕ್ವಾಣ್ಯಾಗ ಇಟ್ಟಿದ್ವಿ."

"ಹಂಗಾರ ಕೂಸು ಉಗುಳಿರಬೇಕು."

"ಇಲ್ಲರಿ," ಎಂದಳು ಸಿದ್ದವ್ವ. "ಇನ್ನೊಂದು ಚಮಚಾ ಕೊಡಬೇ ಅಂತ ಬೇಡಿ ಬೇಡಿ ಕುಡೀತಿತ್ತು."

ಜಮಾಲಸಾಬ ಬೆರಗಾದ. ಅವನ ಕಸುಬಿನಲ್ಲಿ ಮೀನೆಣ್ಣೆಯನ್ನು ಕೇಳಿ ಕುಡಿದ ಕೂಸನ್ನು ಅವನು ಕಂಡಿರಲಿಲ್ಲ.

"ಆ ನಾತದ ಎಣ್ಣೀನ?"

"ನಾತ ಎಲ್ಲಿ ಬಿಟ್ಟೇನ್ರಿ ನಾನು?" ವೀರವ್ವ ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡು ತಲೆ ಸವರಿದಳು. "ತಂದ ದಿನಾನ ಬೆಳ್ಳುಳ್ಳಿ, ಜೀರಿಗಿ ಹಾಕಿ, ಒಲಿ ಮ್ಯಾಲ ಕಳಕಳ ಕುದಿಸಿ ಇಟ್ಟಿದ್ದೆ."