ತೊಟ್ಟಿಲ ಹಾಸಿಗೆಯಡಿಯ ಕುಡುಗೋಲು

ತುಕ್ಕು ಅಂಟುರೋಗವಾದ ಮೇಲೆ ನಮ್ಮ ಬೀದಿಯಲ್ಲಿ ಯಾರೂ ಕಬ್ಬಿಣ ಇಟ್ಟುಕೊಂಡಿಲ್ಲ. ಬಾಗಿಲಿಗೆ ಮರದ ಅಗುಳಿ, ಒಲೆಯ ಮೇಲೆ ಮಣ್ಣಿನ ಮಡಕೆ. ಹಿಂದೆ ಮೂಳೆ ಮುರಿದಾಗ ನನ್ನ ತೊಡೆಯೊಳಗೆ ಹಾಕಿದ್ದ ಉಕ್ಕಿನ ಸರಳನ್ನು ಮಾತ್ರ ವೈದ್ಯರು ತೆಗೆಯಲಾಗದೆ ಬಿಟ್ಟಿದ್ದರು. ತುಕ್ಕಿನ ಹತ್ತಿರ ಸುಳಿಯಬೇಡ ಎಂದಷ್ಟೇ ಹೇಳಿದ್ದರು.

ಬೆಳಿಗ್ಗೆ ಮನೆಮನೆಯ ತುಕ್ಕು ತಪಾಸಣೆಗೆ ಬಂದ ನಾಗವೇಣಿ ನನ್ನ ಮೊಮ್ಮಗಳ ತೊಟ್ಟಿಲ ಹಾಸಿಗೆ ಎತ್ತಿದಳು. ಅಡಿಯಲ್ಲಿ ಕುಡುಗೋಲಿತ್ತು, ಮುಕ್ಕಾಲು ಪಾಲು ಕೆಂಪು ಪುಡಿಯಾಗಿತ್ತು. ವಾರದಿಂದ ಆ ತೊಟ್ಟಿಲು ತೂಗಿದವನು ನಾನೇ.

"ಯಾರಿಟ್ಟಿದ್ದು?" ಎಂದು ಕಿರುಚಿದೆ.

"ನಾನೇ ಕಣೋ," ಎಂದಳು ಅವ್ವ. "ಕಬ್ಬಿಣ ಇಲ್ದೆ ಹಸುಗೂಸನ್ನ ಹೆಂಗೆ ಮಲಗಿಸ್ಲಿ? ಗಾಳಿಗೀಳಿ ಸೋಕಿದ್ರೆ? ನಿನ್ನ ತೊಟ್ಟಿಲಿಗೂ ಇದನ್ನೇ ಇಟ್ಟಿದ್ದೆ."

"ನನ್ನ ಕಾಲು ತಿಂದ್ಯಲ್ಲೇ ಮುದುಕಿ!"

ನಾಗವೇಣಿ ನನ್ನ ತೊಡೆಗೆ ಗಾಜಿನ ಬಿಲ್ಲೆ ಒತ್ತಿದಳು. ಅದು ಕೆಂಪಾಯಿತು. "ಹತ್ಕೊಂಡಿದೆ ಮಾವ. ಇದಕ್ಕೆ ಔಷಧ ಇನ್ನೂ ಯಾರಿಗೂ ಸಿಕ್ಕಿಲ್ಲ," ಎಂದವಳು ಕುಡುಗೋಲನ್ನು ಡಬ್ಬಿಗೆ ಹಾಕಿಕೊಂಡು ಪಕ್ಕದ ಮನೆಗೆ ಹೋದಳು.

ಅವ್ವ ನನ್ನನ್ನು ಹಾಸಿಗೆಯ ಮೇಲೆ ಕೂರಿಸಿ, ಹರಳೆಣ್ಣೆ ಕಾಯಿಸಿ ತಂದಳು. ಹಿಂದೆ ಬಾಗಿಲ ಕೀಲುಗಳಿಗೆ ಹಚ್ಚುತ್ತಿದ್ದಂತೆಯೇ ನನ್ನ ತೊಡೆಗೆ ಹಚ್ಚಿ ತಿಕ್ಕತೊಡಗಿದಳು. ಬೈಯಲು ಬಾಯಿ ತೆರೆದೆ. ಅವಳು ತಲೆ ಎತ್ತದೆ ತಿಕ್ಕುತ್ತಲೇ ಇದ್ದಳು. ಬೈದರೆ ಸರಳು ಗಟ್ಟಿಯಾಗುತ್ತದೆಯೇ?

ಅಷ್ಟರಲ್ಲಿ ಮಗು ಅತ್ತಿತು. ರೂಢಿಯಂತೆ ತೂಗಲು ಎದ್ದೆ. ಕಾಲೂರಿದ್ದೇ ತಡ, ತೊಡೆಯೊಳಗೆ ಒಣ ಹೆಂಟೆ ಪುಡಿಯಾದಂಥ ಸದ್ದಾಯಿತು. ಹಾಸಿಗೆಯ ಮೇಲೆಯೇ ಕುಸಿದೆ.

ಅವ್ವನಿಗೂ ಅದು ಕೇಳಿಸಿತ್ತು. ತೊಟ್ಟಿಲ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿ, ತುದಿಯನ್ನು ನನ್ನ ಹಾಸಿಗೆಯವರೆಗೆ ತಂದು ಕೈಗೆ ಕೊಟ್ಟಳು.

ಮಲಗಿಕೊಂಡೇ ತೂಗಿದೆ.